ನೀರಿನ ಸರತಿ

ಕೃಷ್ಣಾತೀರದ ಒಂದು ಆಶ್ರಮದಲ್ಲಿ, ಚಾತುರ್ಮಾಸ್ಯದ ಮೂರನೆಯ ವಾರ, ಮಧ್ಯಾಹ್ನದ ಪಾಠ ಮುಗಿದಿತ್ತು. ಪರದೇಶಕ್ಕೆ ಧರ್ಮಪ್ರಚಾರಕ್ಕೆಂದು ಹೊರಡಲಿದ್ದ ಇಬ್ಬರು ಬ್ರಹ್ಮಚಾರಿಗಳು ಆಶ್ರಮದ ಹಿರಿಯರನ್ನು ಕೇಳಿದರು: "ಅಲ್ಲಿ ಹೋದ ಮೇಲೆ ಮೊದಲು ಏನನ್ನು ಬೋಧಿಸಬೇಕು?"

ನದಿಗೆ ನೆರೆ ಬಂದಿತ್ತು. ದೋಣಿ ದಡದಲ್ಲೇ ನಿಂತಿತ್ತು. ಎದ್ದು ಹೋಗುವ ಅವಸರ ಯಾರಿಗೂ ಇರಲಿಲ್ಲ. ಹಿರಿಯರು ಉತ್ತರದ ಬದಲಿಗೆ ಈ ಕಥೆಯನ್ನು ಹೇಳಿದರು.

ನಲವತ್ತು ವರ್ಷಗಳ ಹಿಂದೆ ಇದೇ ಆಶ್ರಮದಿಂದ ಮೇಧಾವ್ರತನೆಂಬ ತರುಣ ಬ್ರಹ್ಮಚಾರಿಯು ಜಪಾನಿಗೆ ಹೋದನು. ಬೇಸಗೆಯಲ್ಲಿ ಬಂಡೆ ಸಿಡಿಯುವ ಸೀಮೆಯಲ್ಲಿ ಹುಟ್ಟಿದವನು. ಅವನು ಸೇರಿದ್ದು ಆ ದೇಶದ ಪಡುವಣ ದಿಕ್ಕಿನ ಒಂದು ಸಣ್ಣ ಊರು. ಅಲ್ಲಿ ನಾಲ್ಕು ತಿಂಗಳು ಹಿಮ ಬೀಳುತ್ತದೆ. ಒಂದೊಂದು ವರ್ಷ ಕಿಟಕಿಯೂ ಹೂತುಹೋಗುತ್ತದೆ.

ಆ ಊರಿನ ಇಳಿಜಾರಾದ ಒಂದು ಕೇರಿಯಲ್ಲಿ ಇದೇ ಆಶ್ರಮದ ಸ್ವಾಮಿ ಪೂರ್ಣಬೋಧರು ಒಂದು ಮನೆ ಹಿಡಿದು ಇಪ್ಪತ್ತೆರಡು ವರ್ಷಗಳಿಂದ ನೆಲೆಸಿದ್ದರು. ಅವರಿಗೆ ಎಪ್ಪತ್ತನಾಲ್ಕು. ತಮ್ಮ ಬಳಿಕ ಆ ಮನೆಯನ್ನು ನಡೆಸಲು ಒಬ್ಬನನ್ನು ಕಳುಹಿಸಿರೆಂದು ಅವರೇ ಬರೆದಿದ್ದರು.

ಮೇಧಾವ್ರತನು ಆ ದೇಶದ ಆಡುಮಾತನ್ನು ಒಂದು ವರ್ಷ ಕಲಿತು ಹೋಗಿದ್ದನು. ಅಕ್ಷರ ಮಾತ್ರ ಬಾರದು. ಉತ್ಸಾಹಕ್ಕೆ ಕೊರತೆಯಿರಲಿಲ್ಲ.

ಹೋದ ಮೊದಲ ವಾರ, ಬೀದಿಯಲ್ಲಿ ಕಂಡವರನ್ನೆಲ್ಲ ನಮ್ಮ ನಾಡಿನ ಮರ್ಯಾದೆಯಂತೆ, "ಊಟವಾಯಿತೇ?" ಎಂದು ವಿಚಾರಿಸಿದನು. ಅವರು ತಬ್ಬಿಬ್ಬಾಗಿ ತಲೆ ಬಾಗಿಸಿ ಹೋದರು. ಮರುದಿನ ಬೆಳಗ್ಗೆ ಬಾಗಿಲ ಮುಂದೆ ಬೇಯಿಸಿದ ಗೆಣಸು, ಒಂದು ಪಾತ್ರೆ ಅನ್ನ, ಅರ್ಧ ಎಲೆಕೋಸು ಇದ್ದವು.

"ಎಂಥ ಉದಾರಿಗಳು, ಗುರುಗಳೇ!" ಎಂದನು ಮೇಧಾವ್ರತ.

"ನಾನು ನಿನಗೆ ಊಟ ಹಾಕುತ್ತಿಲ್ಲವೆಂದು ಕೇರಿಗೆಲ್ಲ ಸಾರಿ ಬಂದೆಯಾ, ತಮ್ಮಾ?" ಎಂದರು ಪೂರ್ಣಬೋಧರು.

ಅನಂತರ ಅವನು ಭಾನುವಾರದ ಪ್ರವಚನ ಆರಂಭಿಸಿದನು. ಮೊದಲನೆಯ ವಾರ ಏಳು ಜನ ಬಂದರು. ಎರಡನೆಯ ವಾರ ಮೂವರು. ನಾಲ್ಕನೆಯ ವಾರ ಕೇರಿಯ ಯಜಮಾನರಾದ ಸೆಕಿಗುಚಿ ಒಬ್ಬರೇ ಬಂದು, ಬೆನ್ನು ನೆಟ್ಟಗೆ ಇಟ್ಟುಕೊಂಡು, ಕುಳಿತಲ್ಲೇ ನಿದ್ರಿಸಿದರು. ಐದನೆಯ ವಾರ ಕೇಳಲು ಕುಳಿತವರು ಗುರುಗಳು ಮಾತ್ರ.

"ನನ್ನ ಮಾತಿನಲ್ಲಿ ಏನು ದೋಷ, ಗುರುಗಳೇ?"

"ಮಾತಿನಲ್ಲಿ ದೋಷವಿಲ್ಲ. ವ್ಯಾಕರಣವೂ ಶುದ್ಧ."

"ಹಾಗಾದರೆ ಅವರೇಕೆ ಬರುವುದಿಲ್ಲ?"

"ಅವರನ್ನು ಏನೆಂದು ಬಲ್ಲೆ ನೀನು?"

ಮೇಧಾವ್ರತನು ಆ ರಾತ್ರಿಯೆಲ್ಲ ಯೋಚಿಸಿದನು. ಮಾತಿನಿಂದ ಒಲಿಯದವರನ್ನು ಸೇವೆಯಿಂದ ಒಲಿಸಬೇಕು ಎಂದು ನಿಶ್ಚಯಿಸಿದನು.

ಮುಂಜಾನೆ ನಾಲ್ಕಕ್ಕೆ ಎದ್ದು ಸ್ನಾನ ಜಪ ಮುಗಿಸಿ ಸಲಿಕೆ ಹಿಡಿದು ಹೊರಟನು. ಮೊಣಕಾಲುದ್ದ ಹಿಮ ಬಿದ್ದಿತ್ತು. ಕೇರಿಯ ಒಂದು ಬದಿಗೆ, ಬಾಗಿಲುಗಳ ಮುಂದೆ, ಒಂದು ಕಾಲುವೆ ಹರಿಯುತ್ತಿತ್ತು. ಅದರ ಮೇಲೆ ಕಬ್ಬಿಣದ ಜಾಲರಿಯ ಮುಚ್ಚಳಗಳು. ಜನರು ಮುಚ್ಚಳ ತೆಗೆದು ಹಿಮವನ್ನು ಅದರೊಳಗೆ ತಳ್ಳುವುದನ್ನು ಅವನು ಕಂಡಿದ್ದನು. ಅವನೂ ಹಾಗೆಯೇ ಮಾಡಿದನು. ತಮ್ಮ ಮನೆಯ ಮುಂದಿನದು ಮುಗಿಯಿತು. ಪಕ್ಕದ ಮನೆಯದು ಮುಗಿಯಿತು. ಹದಿನಾಲ್ಕು ಮನೆಗಳಲ್ಲಿ ಹನ್ನೊಂದರ ಅಂಗಳದ ಹಿಮವನ್ನು, ಯಾರೂ ಏಳುವ ಮೊದಲೇ, ಒಬ್ಬನೇ ಬಳಿದು ಕಾಲುವೆಗೆ ತುಂಬಿದನು. ಮೈಯಿಂದ ಹಬೆ ಏಳುತ್ತಿತ್ತು. ಮನಸ್ಸು ಹಕ್ಕಿಯಂತೆ ಹಗುರವಾಗಿತ್ತು.

ಬೆಳಗಿನ ಊಟಕ್ಕೆ ಕುಳಿತಾಗ ಗುರುಗಳು ಅವನ ಮುಂದೆ ಬರಿಯ ಸಾರಿನ ಬಟ್ಟಲನ್ನು ಇಟ್ಟರು.

"ಇವತ್ತು ತೋಫು ಇಲ್ಲವೇ, ಗುರುಗಳೇ?"

"ಇಲ್ಲ. ಇವತ್ತು ಈ ಕೇರಿಯ ಯಾರ ಬಟ್ಟಲಿನಲ್ಲೂ ಇಲ್ಲ."

"ಏಕೆ?"

"ಎದ್ದು ಬಾ, ತೋರಿಸುತ್ತೇನೆ."

ಕೇರಿಯ ಕೊನೆಯ ಮನೆ ಕಿನು ಎಂಬ ವಿಧವೆಯದು. ಸೋಯಾ ಕಾಳನ್ನು ನೆನೆಸಿ ಅರೆದು, ಅದರ ಹಾಲನ್ನು ಒಡೆಸಿ ಗಟ್ಟಿ ಮಾಡಿದ ತೋಫುವನ್ನು ನಲವತ್ತು ವರ್ಷಗಳಿಂದ ಆ ಕೇರಿಗೆ ಕೊಡುತ್ತಿದ್ದವಳು ಆಕೆಯೇ. ಅವಳ ಅಡುಗೆಮನೆಯಲ್ಲಿ ಪಾದ ಮುಳುಗುವಷ್ಟು ಕೆಸರುನೀರು ನಿಂತಿತ್ತು. ಒಲೆ ಆರಿತ್ತು. ನೆನೆಸಿದ ಕಾಳು ನೀರಿನಲ್ಲಿ ತೇಲುತ್ತಿತ್ತು. ಮುದುಕಿ ಸೆರಗನ್ನು ಸೊಂಟಕ್ಕೆ ಕಟ್ಟಿದಂತೆ ನಿಲುವಂಗಿಯನ್ನು ಮೇಲೆತ್ತಿ ಕಟ್ಟಿ, ಬಟ್ಟೆಯಿಂದ ನೀರು ಹಿಂಡಿ ಹಿಂಡಿ ಹೊರಗೆ ಚೆಲ್ಲುತ್ತಿದ್ದಳು.

ಗುರುಗಳು ದಾರಿಯಲ್ಲೇ ತಿಳಿಸಿದ್ದರು. ಕಾಲುವೆಗೆ ನದಿಯ ನೀರು ಎಲ್ಲ ಹೊತ್ತಿನಲ್ಲೂ ಬರುವುದಿಲ್ಲ. ಊರಿನ ಒಂದೊಂದು ಕೇರಿಗೆ ಒಂದೊಂದು ಹೊತ್ತು. ಈ ಕೇರಿಗೆ ಬೆಳಗ್ಗೆ ಆರೂವರೆಯಿಂದ ಏಳೂವರೆ. ಮೇಲಿನ ತೂಬನ್ನು ಎತ್ತಿ ನೀರು ಬಿಟ್ಟ ಮೇಲೆಯೇ ಹಿಮ ಹಾಕಬೇಕು. ನೀರಿಲ್ಲದಾಗ ಹಾಕಿದ ಹಿಮ ಕಲ್ಲಾಗಿ ಕೂರುತ್ತದೆ. ಆಮೇಲೆ ಬಿಟ್ಟ ನೀರು ದಾರಿ ಕಾಣದೆ ತಗ್ಗಿನ ಮನೆಗೆ ನುಗ್ಗುತ್ತದೆ.

ಗುರುಶಿಷ್ಯರನ್ನು ಕಂಡವಳೇ ಕಿನು ತಾನೇ ಮೊದಲು ಬಾಗಿದಳು. "ಬೆಳಗ್ಗೆ ನಿಮಗೆ ತೋಫು ಕೊಡಲಾಗಲಿಲ್ಲ. ಕ್ಷಮಿಸಬೇಕು."

ಗುರುಗಳು ಮಾತಿಲ್ಲದೆ ಸೊಂಟದವರೆಗೆ ಬಾಗಿದರು.

ಮೇಧಾವ್ರತನೂ ಬಾಗಿದನು. ಆದರೆ ಸುಮ್ಮನಿರಲಾರದೆ ಹೇಳಿದನು: "ಅಮ್ಮ, ನಾನು ಒಳ್ಳೆಯದಕ್ಕೆಂದೇ ಮಾಡಿದೆ. ನಿಮ್ಮೆಲ್ಲರ ಸೇವೆಯಾಗಲಿ ಎಂದು. ನನಗೆ ತಿಳಿದಿರಲಿಲ್ಲ."

"ಅಯ್ಯೋ, ನಿಮ್ಮ ಮನಸ್ಸು ನನಗೆ ಗೊತ್ತಿಲ್ಲವೇ?" ಎಂದಳು ಮುದುಕಿ. "ದೂರದಿಂದ ಬಂದವರು. ಹಿಮವನ್ನೇ ಕಾಣದವರು. ಅಷ್ಟು ಹೊತ್ತಿಗೇ ಎದ್ದು ಎಷ್ಟು ಕಷ್ಟಪಟ್ಟಿರಿ. ಕೈ ಒಡೆದಿಲ್ಲ ತಾನೇ? ಬೇಸರ ಮಾಡಿಕೊಳ್ಳಬೇಡಿ." ಒದ್ದೆ ಬಟ್ಟೆಯನ್ನು ಕೈಯಲ್ಲೇ ಹಿಡಿದು, ಪಾದ ನೀರಿನಲ್ಲೇ ಇಟ್ಟು, ಕಾಲು ಗಂಟೆ ಹೀಗೆಯೇ ಹೇಳಿದಳು.

ಹಿಂತಿರುಗುವಾಗ ಮೇಧಾವ್ರತನು ನಿಟ್ಟುಸಿರು ಬಿಟ್ಟನು. "ಎದೆಯ ಭಾರ ಇಳಿಯಿತು, ಗುರುಗಳೇ."

"ಇಳಿಯದೆ ಏನು? ನೀರು ನುಗ್ಗಿದ್ದೂ ಅವಳ ಮನೆಗೆ, ನಿನ್ನನ್ನು ಸಮಾಧಾನ ಮಾಡುವ ಕೆಲಸವೂ ಅವಳಿಗೆ."



ಮೂರು ದಿನ ಕಳೆದ ಮೇಲೆ, ಗುರುಗಳು ಹೊರಗೆ ಹೋಗಿದ್ದ ಹೊತ್ತಿನಲ್ಲಿ, ಸೆಕಿಗುಚಿಯವರು ಬಂದರು. ಕಪ್ಪು ಕೋಟು ಧರಿಸಿದ್ದರು. ಹೊಸ್ತಿಲ ಬಳಿಯೇ ಮಂಡಿಯೂರಿ, ತಪ್ಪು ತನ್ನದೇ ಎಂದರು. "ನೀರಿನ ಹೊತ್ತನ್ನು ನಿಮಗೆ ಬಾಯಿಂದ ತಿಳಿಸಬೇಕಾಗಿತ್ತು. ಬರೆದ ಕಾಗದವನ್ನಷ್ಟೇ ಕೊಟ್ಟೆವು. ಯಜಮಾನನಾಗಿ ನನಗೆ ನಾಚಿಕೆಯಾಗಿದೆ."

ಅನಂತರ ನೇರಳೆ ಬಟ್ಟೆಯಲ್ಲಿ ಸುತ್ತಿದ ಒಂದು ವಸ್ತುವನ್ನು ಎರಡು ಕೈಯಿಂದ ಮುಂದಿಟ್ಟರು. "ತಾವು ದೇವರ ಕೆಲಸದಲ್ಲಿರುವವರು. ಹಿರಿಯ ಸ್ವಾಮಿಗಳಿಗೂ ವಯಸ್ಸಾಯಿತು. ಇನ್ನು ಮುಂದೆ ನೀರಿನ ಕೆಲಸದ ತೊಂದರೆ ತಮಗೆ ಬೇಡವೆಂದು ಕೇರಿಯವರೆಲ್ಲ ಮಾತಾಡಿಕೊಂಡೆವು."

ಮೇಧಾವ್ರತನು ಕೃತಜ್ಞತೆಯಿಂದ ಬಾಗಿ ಅದನ್ನು ತೆಗೆದುಕೊಂಡನು. ಬಟ್ಟೆಯೊಳಗೆ ಅಂಗೈಯಗಲದ ಹಳೆಯ ಮರದ ಬಿಲ್ಲೆ. ಮೇಲೆ ಆ ದೇಶದ ಅಕ್ಷರಗಳು. ತುದಿಯಲ್ಲಿ ಒಂದು ತೂತು. ಏನೋ ಮಂಗಳದ ವಸ್ತು ಎಂದುಕೊಂಡು ದೇವರ ಪೀಠದ ಮೇಲಿಟ್ಟು ಕುಂಕುಮ ಹಚ್ಚಿದನು.

ಸಂಜೆಯ ಪೂಜೆಯಲ್ಲಿ ಗುರುಗಳ ಕೈಯ ಗಂಟೆ ನಡುವೆಯೇ ನಿಂತಿತು.

"ಇದನ್ನು ಇಲ್ಲಿಗೆ ತಂದವರಾರು?"

"ಯಜಮಾನರು ಕೊಟ್ಟು ಹೋದರು, ಗುರುಗಳೇ. ನಮ್ಮ ಮೇಲೆ ಎಷ್ಟು ಗೌರವ! ಇನ್ನು ನೀರಿನ ಕೆಲಸ ನಮಗೆ ಬೇಡವಂತೆ."

ಗುರುಗಳು ಗಂಟೆಯನ್ನು ಕೆಳಗಿಟ್ಟರು.

"ತೂಬಿನ ಮನೆಯಲ್ಲಿ ಹದಿನಾಲ್ಕು ಮೊಳೆಗಳಿವೆ. ಮನೆಗೊಂದು ಬಿಲ್ಲೆ. ಯಾರ ಬಿಲ್ಲೆ ಮುಂದೆ ಬರುತ್ತದೆಯೋ ಅವರು ಅಂದು ಹೋಗಿ ಚಕ್ರ ತಿರುಗಿಸಿ ನೀರು ಬಿಡಬೇಕು. ಇದು ಈ ಮನೆಯ ಬಿಲ್ಲೆ. ನೀನು ಕುಂಕುಮ ಹಚ್ಚಿರುವುದು ನಮ್ಮನ್ನು ಕೇರಿಯಿಂದ ಹೊರಗಿಟ್ಟ ಸುದ್ದಿಗೆ."

"ಆದರೆ ಅವರು ಒಂದು ಮಾತೂ ಬಯ್ಯಲಿಲ್ಲ!"

"ಬೈಗುಳವಾಗಿದ್ದರೆ ಒಂದು ದಿನದ ಮಾತು. ಇದು ಗೌರವ. ಗೌರವ ಕೊಟ್ಟು ಹೊರಗೆ ಕೂರಿಸಿದವನನ್ನು ಒಳಗೆ ಕರೆಯುವವರು ಯಾರು?"

ಮೇಧಾವ್ರತನು ನೆಲ ನೋಡಿದನು.

"ಸರತಿ ಇಲ್ಲದ ಮನೆ ಇಲ್ಲಿ ಅತಿಥಿಯ ಮನೆ," ಎಂದರು ಗುರುಗಳು. "ಅತಿಥಿಯಾಗಿ ಧರ್ಮ ಹೇಳಲು ನಾನು ಇಷ್ಟು ದೂರ ಬರಲಿಲ್ಲ. ಹಿಮ ಕರಗಿ ತೂಬು ಮುಚ್ಚುವ ದಿನದವರೆಗೆ ನೋಡುತ್ತೇನೆ. ಅಷ್ಟರೊಳಗೆ ಈ ಬಿಲ್ಲೆ ತನ್ನ ಮೊಳೆಗೆ ಮರಳದಿದ್ದರೆ, ಈ ಮನೆಯನ್ನು ಮುಚ್ಚಿ ಇಬ್ಬರೂ ಬರುತ್ತೇವೆಂದು ಆಶ್ರಮಕ್ಕೆ ಬರೆಯುತ್ತೇನೆ."

"ಇಪ್ಪತ್ತೆರಡು ವರ್ಷದ ಮನೆಯನ್ನು ನಾನು ಎರಡು ತಿಂಗಳಲ್ಲಿ ಮುಳುಗಿಸಿದೆ." ಅವನ ಕಣ್ಣು ತುಂಬಿತು. "ನಾನು ಉಪವಾಸ ಮಾಡುತ್ತೇನೆ. ಮನೆಮನೆಗೂ ಹೋಗಿ ಕ್ಷಮೆ ಬೇಡುತ್ತೇನೆ."

"ಮತ್ತೆ ಹದಿಮೂರು ಮನೆಯವರು ನಿನ್ನನ್ನು ಸಮಾಧಾನ ಮಾಡಬೇಕೇ?"

"ಹಾಗಾದರೆ ಏನು ಮಾಡಲಿ?"

"ನಾಳೆ ಆರೂವರೆಗೆ ನಮ್ಮ ಮನೆಯ ಮುಂದಿನ ಹಿಮ ತೆಗೆ."

"ಆಮೇಲೆ?"

"ಆಮೇಲೆ ಒಳಗೆ ಬಾ."

"ಪಕ್ಕದ ಮನೆಯವರಿಗೆ ಸೊಂಟನೋವು, ಗುರುಗಳೇ."

"ಅವರ ಸೊಂಟ, ಅವರ ಹಿಮ. ಅವರು ಕರೆದರೆ ಹೋಗು."

"ಇಷ್ಟೇ?"

"ಇಷ್ಟು ನಿನ್ನಿಂದ ಆಗುತ್ತದೆಯೋ ನೋಡೋಣ."

ಆಗುವುದು ಸುಲಭವಾಗಿರಲಿಲ್ಲ. ಮರುದಿನ ನೀರು ಬಂದೊಡನೆ ಕೇರಿಯೆಲ್ಲ ಹೊರಗೆ ಬಂದಿತು. ಮೇಧಾವ್ರತನು ಗಟ್ಟಿಮುಟ್ಟಾದವನು; ಹತ್ತು ನಿಮಿಷದಲ್ಲಿ ತನ್ನ ಪಾಲು ಮುಗಿಸಿ ನಿಂತನು. ಪಕ್ಕದಲ್ಲಿ ಸೊಂಟನೋವಿನವರು ನರಳುತ್ತ ಒಂದೊಂದೇ ಸಲಿಕೆ ಎತ್ತುತ್ತಿದ್ದರು. ಅವನ ಕಾಲು ತಾನಾಗಿಯೇ ಆ ಕಡೆಗೆ ಸರಿಯಿತು. ಒಳಗಿನಿಂದ ಗುರುಗಳು ಕೆಮ್ಮಿದರು. ಕಾಲು ಹಿಂದೆ ಸರಿಯಿತು.

ಹೀಗೆ ಒಂದು ವಾರ ನಡೆಯಿತು. ಎಂಟನೆಯ ದಿನ ಅವನು ಕೇಳಿದನು: "ಇದರಿಂದ ನಾನು ಏನನ್ನು ಕಲಿಯುತ್ತಿದ್ದೇನೆ, ಗುರುಗಳೇ? ಹಿಮವನ್ನು ಎತ್ತಿ ಎಸೆಯುತ್ತೇನೆ. ಅದು ಹೋಗುತ್ತದೆ."

"ಎಲ್ಲಿಗೆ ಹೋಗುತ್ತದೆ?"

"ಕೆಳಗೆ."

"ನಾಳೆ ಸಲಿಕೆ ಬೇಡ. ಕೆಳಗೆ ಹೋಗಿ ನಿಂತುಕೋ."

ಮರುದಿನ ಅವನು ಕಿನು ಮನೆಯ ಎದುರುಬದಿಗೆ ನಿಂತು ಒಂದು ಗಂಟೆ ಕಾಲ ನೋಡಿದನು. ಮೇಲಿನ ಮನೆಗಳ ಹಿಮವೆಲ್ಲ ಒಂದರ ಹಿಂದೊಂದು ಅವಳ ಬಾಗಿಲ ಮುಂದೆಯೇ ಹಾದುಹೋಗುತ್ತಿತ್ತು. ದೊಡ್ಡ ಗಡ್ಡೆಗಳು ಅಲ್ಲಿನ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಮುದುಕಿ ಬಿದಿರಿನ ಕೋಲಿನಿಂದ ಅವನ್ನು ಚುಚ್ಚಿ ಒಡೆದು ಮುಂದೆ ತಳ್ಳುತ್ತಿದ್ದಳು. ಏಳೂವರೆಗೆ ನೀರು ಇಳಿಯಿತು. ಅವಳ ಅಂಗಳದ ಹಿಮ ಹಾಗೆಯೇ ಉಳಿಯಿತು.

ಅವನು ಓಡುತ್ತ ಬಂದನು. "ಗುರುಗಳೇ, ಆಕೆಗೆ ತನ್ನ ಹಿಮ ಹಾಕಲು ಹೊತ್ತೇ ಸಿಗುವುದಿಲ್ಲ."

"ಸರಿ. ಹೋಗಿ ಅವಳ ಅಂಗಳ ಬಳಿದು ಬರುತ್ತೀಯೇನು?"

ಮೇಧಾವ್ರತನು ಸಲಿಕೆಯತ್ತ ಕೈ ಚಾಚಿ, ಹಿಂದಕ್ಕೆ ಎಳೆದುಕೊಂಡನು.

"ಇಲ್ಲ. ನನ್ನ ಹಿಮವನ್ನು ಸಣ್ಣಗೆ ಒಡೆದು ಹಾಕುತ್ತೇನೆ. ಹದಿನೈದು ನಿಮಿಷ ಮೊದಲೇ ಮುಗಿಸಿ ಮುಚ್ಚಳ ಹಾಕುತ್ತೇನೆ."

ಗುರುಗಳು ತಮ್ಮ ಬಟ್ಟಲಿನ ಚಹಾದಲ್ಲಿ ಅರ್ಧವನ್ನು ಅವನ ಬಟ್ಟಲಿಗೆ ಬಗ್ಗಿಸಿದರು.

ಅಂದಿನಿಂದ ಅವನು ಹಾಗೆಯೇ ಮಾಡಿದನು. ಒಂದು ಸಲಿಕೆ ಹಾಕುವನು, ಅದು ತೇಲಿ ಮರೆಯಾಗುವವರೆಗೆ ಕೆಳಗೆ ನೋಡುವನು, ಆಮೇಲೆ ಇನ್ನೊಂದು. ಏಳೂಕಾಲಿಗೆ ಮುಚ್ಚಳ ಹಾಕುವನು. ನಾಲ್ಕು ದಿನ ಕಳೆದ ಮೇಲೆ ಮೇಲುಮನೆಯವರೂ ಏಳೂಕಾಲಿಗೆ ಮುಚ್ಚಳ ಹಾಕಿದರು. ಹತ್ತು ದಿನದ ಮೇಲೆ ಸೆಕಿಗುಚಿಯವರೂ ಹಾಕಿದರು. ಯಾರೂ ಯಾರಿಗೂ ಏನನ್ನೂ ಹೇಳಲಿಲ್ಲ. ಕೊನೆಯ ಕಾಲು ಗಂಟೆ ಕಾಲುವೆಯಲ್ಲಿ ಬರಿಯ ನೀರು ಹರಿಯತೊಡಗಿತು. ತಗ್ಗಿನ ಮನೆಯ ಮುದುಕಿ ಕೋಲನ್ನು ಗೋಡೆಗೆ ಒರಗಿಸಿ ಸಲಿಕೆ ಹಿಡಿದಳು.

ದಿನವೂ ಪಾತ್ರೆ ಹಿಡಿದು ತೋಫು ತರಲು ಹೋಗುತ್ತಿದ್ದವನು ಮೇಧಾವ್ರತನೇ. ಆಕೆ ದಿನವೂ ಎದ್ದು ನಿಂತು, ಬಾಗಿ, "ಚಳಿಯಲ್ಲಿ ತಮಗೆ ತೊಂದರೆ" ಎನ್ನುವಳು. ಅವನೂ ಬಾಗುವನು. ಬೇರೆ ಮಾತಿಲ್ಲ. ಮಾಡಿನಿಂದ ನೀರು ತೊಟ್ಟಿಕ್ಕಲಾರಂಭಿಸಿತು. ಇನ್ನು ಎಂಟು ಹತ್ತು ದಿನದಲ್ಲಿ ತೂಬು ಮುಚ್ಚುತ್ತಾರೆಂದು ಅವನು ಬೀದಿಯಲ್ಲಿ ಕೇಳಿದನು. ಗುರುಗಳ ಮೇಜಿನ ಮೇಲೆ ಆಶ್ರಮಕ್ಕೆ ಬರೆಯುವ ಕಾಗದ ಬಂದು ಕುಳಿತಿತ್ತು. ಇನ್ನೂ ಅದರ ಮೇಲೆ ಏನನ್ನೂ ಬರೆದಿರಲಿಲ್ಲ.

ಒಂದು ಬೆಳಗ್ಗೆ ಕಿನು ಎದ್ದು ನಿಲ್ಲಲಿಲ್ಲ. ಕುಳಿತಲ್ಲಿಂದಲೇ ಅವನ ಪಾತ್ರೆಯೊಳಗೆ ಇಣುಕಿದಳು.

"ಇದನ್ನು ಯಾವುದರಿಂದ ತೊಳೆಯುತ್ತೀ?"

"ಬೂದಿಯಿಂದ, ಅಮ್ಮ."

"ನಿನ್ನ ಊರಿನಲ್ಲಿ ಹಾಗಿರಬಹುದು. ನನ್ನ ತೋಫುಗೆ ಬೂದಿಯ ವಾಸನೆ ಹತ್ತುತ್ತದೆ. ತಿಂಗಳಿನಿಂದ ನೋಡುತ್ತಿದ್ದೇನೆ. ಬಿಸಿನೀರಿನಲ್ಲಿ ಜಾಲಿಸು, ಸಾಕು." ಪಾತ್ರೆಯನ್ನು ತಾನೇ ಕಸಿದುಕೊಂಡು ಜಾಲಿಸಿದಳು. ಅನಂತರ ಅವನತ್ತ ನೋಡದೆಯೇ ಹೇಳಿದಳು: "ನಾಳೆ ನೀರು ಬಿಡುವ ಸರತಿ ನನ್ನದು. ಚಳಿಗೆ ಚಕ್ರ ಬಿಗಿದಿದೆ. ಕೈ ಕೊಡುತ್ತೀಯಾ?"

ಮೇಧಾವ್ರತನು ಆಗಲೆಂದು ತಲೆಯಾಡಿಸಿದನು.

ಮರುದಿನ ಆರು ಗಂಟೆಗೆ ಇಬ್ಬರೂ ಏರು ಹತ್ತಿ ತೂಬಿನ ಮನೆಗೆ ಹೋದರು. ಹಲಗೆಯ ಸಣ್ಣ ಕೋಣೆ. ನಡುವೆ ಕಬ್ಬಿಣದ ಚಕ್ರ. ಮುದುಕಿ ಚಕ್ರಕ್ಕೆ ಕೈಯಿಟ್ಟಳು. ಮೇಧಾವ್ರತನು ಮುಂದೆ ಬಂದು, "ನೀವು ಕೂತುಕೊಳ್ಳಿ, ಅಮ್ಮ. ನಾನೊಬ್ಬನೇ ತಿರುಗಿಸುತ್ತೇನೆ," ಎಂದು ಪೂರಾ ಹಿಡಿದುಕೊಂಡನು.

ಅವಳು ಅವನ ಮಣಿಕಟ್ಟಿನ ಮೇಲೆ ಪಟ್ಟೆಂದು ಬಾರಿಸಿದಳು.

"ಕೈ ಕೊಡು ಎಂದೆ. ಚಕ್ರ ಕಿತ್ತುಕೋ ಎಂದೆನೇ?"

ಅವನು ಅರ್ಧ ಬಿಟ್ಟುಕೊಟ್ಟನು. ಇಬ್ಬರೂ ಸೇರಿ ತಿರುಗಿಸಿದರು. ಕೆಳಗೆ ನೀರು ಗುಡುಗಿತು.

ಗೋಡೆಯಲ್ಲಿ ಹದಿಮೂರು ಬಿಲ್ಲೆಗಳು ತೂಗುತ್ತಿದ್ದವು. ಒಂದು ಮೊಳೆ ಬರಿದಾಗಿತ್ತು. ಕಿನು ಅದನ್ನು ಉಗುರಿನಿಂದ ಕೆರೆದಳು.

"ತುಕ್ಕು ಹಿಡಿಯುತ್ತಿದೆ. ನಿಮ್ಮ ಬಿಲ್ಲೆ ನಾಳೆ ತಂದು ಹಾಕು. ಸೆಕಿಗುಚಿಗೆ ನಾನು ಹೇಳುತ್ತೇನೆ. ಅವನನ್ನು ಕೂಸಾಗಿದ್ದಾಗ ಎತ್ತಿ ಆಡಿಸಿದವಳು ನಾನು, ಇಲ್ಲ ಎನ್ನಲಾರ."

ಮೇಧಾವ್ರತನು ಮನೆಗೆ ಬಂದು ಗುರುಗಳ ಪಾದ ಹಿಡಿದನು. ಗುರುಗಳು ಎಲ್ಲವನ್ನೂ ಕೇಳಿ, ಮೇಜಿನ ಮೇಲಿನ ಬರಿಯ ಕಾಗದವನ್ನು ಎರಡಾಗಿ ಮಡಿಸಿ ಒಲೆಗೆ ಹಾಕಿದರು.

ಸಂಜೆ ಅವನು ಪೀಠದ ಮೇಲಿನ ಬಿಲ್ಲೆಯನ್ನು ಇಳಿಸಿ, ಕುಂಕುಮವನ್ನು ಒದ್ದೆ ಬಟ್ಟೆಯಿಂದ ಒರೆಸತೊಡಗಿದನು. ಆ ಚಳಿಗಾಲದಲ್ಲಿ ಅವನು ಆ ದೇಶದ ಅಕ್ಷರಗಳನ್ನು ಒಂದಿಷ್ಟು ಕಲಿತಿದ್ದನು. ಒರೆಸಿದಂತೆ ಬರಹ ತಿಳಿಯಾಯಿತು. ಅವನು ಕೂಡಿಸಿ ಓದಿದನು. ನಂಬದೆ ಮತ್ತೊಮ್ಮೆ ಓದಿದನು.

"ಗುರುಗಳೇ, ಇದರಲ್ಲಿ ನಿಮ್ಮ ಹೆಸರಿಲ್ಲವಲ್ಲ. ಆಶ್ರಮದ ಹೆಸರೂ ಇಲ್ಲ. ಓಕುಮುರಾ ಎಂದಿದೆ."

"ಹೌದು. ನನಗಿಂತ ಮುಂಚೆ ಈ ಮನೆಯಲ್ಲಿದ್ದವನು. ಚಾಪೆ ಹೆಣೆಯುತ್ತಿದ್ದನಂತೆ."

"ಇಷ್ಟು ವರ್ಷವೂ ಅದನ್ನು ಬದಲಿಸಬೇಕೆಂದು ನೀವು ಹೇಳಲಿಲ್ಲವೇ?"

ಪೂರ್ಣಬೋಧರು ಬಿಲ್ಲೆಯನ್ನು ಅವನ ಕೈಯಿಂದ ತೆಗೆದುಕೊಂಡು, ಉಳಿದಿದ್ದ ಕುಂಕುಮವನ್ನು ತಮ್ಮ ಹೆಬ್ಬೆರಳಿನಿಂದ ತೆಗೆದು, ಮರಳಿ ಅವನ ಅಂಗೈಯಲ್ಲಿಟ್ಟರು.

"ಇಪ್ಪತ್ತೆರಡು ಚಳಿಗಾಲ ಓಕುಮುರಾನ ಹೆಸರಿನಲ್ಲೇ ತೂಬು ಎತ್ತಿದ್ದೇನೆ, ತಮ್ಮಾ. ನೀರು ಒಂದು ದಿನವೂ ನಿಂತು, 'ನೀನು ಯಾರು?' ಎಂದು ಕೇಳಲಿಲ್ಲ."

ಮರುದಿನ ಬೆಳಗ್ಗೆ ಮೇಧಾವ್ರತನು ಆ ಬಿಲ್ಲೆಯನ್ನು ಹಾಗೆಯೇ ಮೊಳೆಗೆ ತೂಗುಹಾಕಿದನು. ಪೂರ್ಣಬೋಧರು ಇನ್ನೂ ಮೂರು ವರ್ಷ ಬದುಕಿದರು. ಮೇಧಾವ್ರತನು ಆ ಕೇರಿಯಲ್ಲಿ ಮೂವತ್ತೊಂದು ಚಳಿಗಾಲಗಳನ್ನು ಕಳೆದನು. ಅವನ ಭಾನುವಾರದ ಪ್ರವಚನಕ್ಕೆ ಸಾಮಾನ್ಯವಾಗಿ ಒಂಬತ್ತು ಜನ ಬರುತ್ತಿದ್ದರು.